ಅನ್ನಮ್ಮನ ಬಾಯಿ

ಅನ್ನಮ್ಮನ ಬಾಯಿ ಮುಚ್ಚುತ್ತಿರಲಿಲ್ಲ. ಬದುಕಿದ್ದಾಗ ಮುಚ್ಚುತ್ತಿರಲಿಲ್ಲ ಎಂಬುದು ಅವಳ ಊರು ರಂಗಂಪೇಟೆಗೆಲ್ಲ ಗೊತ್ತಿದ್ದ ಮಾತು. ಸತ್ತು ವರ್ಷವಾಗುತ್ತ ಬಂದರೂ, ಅದೂ ಶಹಾಪುರದ ಒಂದು ಕಂಪ್ಯೂಟರಿನೊಳಗೆ ಕೂತು ಮುಚ್ಚುತ್ತಿಲ್ಲವೆಂದರೆ ಯೂನುಸ ಯಾರ ಮುಂದೆ ಹೇಳಿಕೊಳ್ಳಬೇಕು?

ಯೂನುಸ ಸುಲ್ತಾನಸಾಬರ ಅಂಗಡಿಯಲ್ಲಿ ಕಟ್ಟಿಗೆ ಕೊರೆಯುವ ಕಂಪ್ಯೂಟರ್ ಮಶೀನು ನಡೆಸುವವನು. ಹತ್ತಿ ವ್ಯಾಪಾರಿ ಚಂದ್ರಾಮಪ್ಪ ತನ್ನ ತಾಯಿ ಅನ್ನಮ್ಮನ ಮುಖ ಕೊರೆಸಲು, ಸುರಪುರದ ಸ್ಟುಡಿಯೋದಲ್ಲಿ ಫೋಟೋ ನೋಡಿ ಕಂಪ್ಯೂಟರಿನಲ್ಲಿ ಎಳೆಸಿದ ಚಿತ್ರವನ್ನೂ ಸಾಗುವಾನಿ ಹಲಗೆಯೊಂದನ್ನೂ ತಂದುಕೊಟ್ಟಿದ್ದ. ಆಕೆ ಹುಟ್ಟಿದ ಮನೆಯ ಬಾಗಿಲಿನ ಹಲಗೆ ಅದು, ಅಂಥದು ಇನ್ನೊಂದಿಲ್ಲ. ಮರುದಿನವೇ ವರ್ಷದ ಪೂಜೆ. ಯೂನುಸನ ಸಂಕಟ ಅಷ್ಟೇ ಆಗಿದ್ದರೆ ಬೇರೆ ಮಾತು. ಹೋದ ತಿಂಗಳು ಯಾರದೋ ಬಾಗಿಲಿನ ನವಿಲಿಗೆ ಅವನು ಮೂರು ಕಾಲು ಕೊರೆದಿದ್ದ. ಅಂದೇ ಸುಲ್ತಾನಸಾಬರು ಹೇಳಿಬಿಟ್ಟಿದ್ದರು: "ಇನ್ನೊಂದು ಕಟಗಿ ಕೆಡ್ತಂದ್ರ ನೀ ಮನಿಗೆ, ಮಶೀನು ಯಾದಗಿರಿಗೆ."

ಅದಕ್ಕೇ ಯೂನುಸ ಈ ಸಲ ಕಟ್ಟಿಗೆ ಮುಟ್ಟುವ ಮುಂಚೆ ಕಂಪ್ಯೂಟರಿನಲ್ಲೇ ಕೊರೆದು ನೋಡುತ್ತಿದ್ದ. ಹಣೆ ಬಂತು, ಮೂಗುತಿ ಬಂತು, ಕಿವಿಯ ಓಲೆಯೂ ಬಂತು. ತುಟಿಗೆ ಬಂದ ಕೂಡಲೇ ಮಶೀನಿಗೆ ಏನಾಗುತ್ತಿತ್ತೋ, ಪಾತಾಳಕ್ಕೆ ಇಳಿಯತೊಡಗುತ್ತಿತ್ತು. ಪರದೆಯ ಮೇಲೆ ಮುದುಕಿಯ ಬಾಯಿ ಹಾಳುಬಾವಿಯ ಹಾಗೆ ಕರ್ರಗೆ ತೆರೆದುಕೊಳ್ಳುತ್ತಿತ್ತು.

ರೋಗ ಅವನಿಗೆ ಗೊತ್ತಿತ್ತು. ಚಿತ್ರದ ಗೆರೆಯ ಎರಡೂ ತುದಿ ಕೂಡಿದರೆ ಮಶೀನಿಗೆ ಒಳಗು ಯಾವುದು, ಹೊರಗು ಯಾವುದು ತಿಳಿಯುತ್ತದೆ. ಎಲ್ಲೋ ಕೂದಲೆಳೆಯಷ್ಟು ಸಂದು ಉಳಿದರೂ ಅದಕ್ಕೆ ದಿಕ್ಕು ತಪ್ಪುತ್ತದೆ. ಯೂನುಸ ತುಟಿಯ ತುದಿಯನ್ನು ದೊಡ್ಡದು ಮಾಡಿ ನೋಡಿದ, ಸಂದು ಸಿಕ್ಕಿತು, ಕೂಡಿಸಿದ. ಮತ್ತೆ ಓಡಿಸಿದ. ಬಾಯಿ ಮತ್ತೆ ತೆರೆಯಿತು. ಮತ್ತೆ ಕೂಡಿಸಿದ. ಈ ಸಲ ಇನ್ನೂ ಅಗಲವಾಗಿ ತೆರೆಯಿತು.

ಹೊರಗೆ ಮೋಡ ಕವಿದು ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಚಹಾ ತಂದ ಪಕ್ಕದ ಹೋಟೆಲಿನ ಭಾಗಣ್ಣ ಪರದೆ ನೋಡಿ ಅಲ್ಲೇ ನಿಂತುಬಿಟ್ಟ.

"ಯೂನುಸ, ಈಕಿ ಅನ್ನಮ್ಮ ಅಲ್ಲೇನೊ? ಬಾಯಿ ಯಾಕ ತೆರದಾಳ?"

"ಗೆರಿ ಕೂಡವಲ್ದು ಭಾಗಣ್ಣ. ಮುಚ್ಚೀನಿ ಅಂದ್ರ ತಿರುಗಿ ತೆರಿಲಾಕತ್ತದ."

"ಗೆರಿ ಅಲ್ಲೋ ತಮ್ಮ, ಏನೋ ಹೇಳೂದು ಉಳದದ ಅಕಿದು!"

ಭಾಗಣ್ಣ ಪುಡಿಯ ಹಾಲಿನಲ್ಲಿ ಚಹಾ ಮಾಡಿ ಎಮ್ಮೆಯ ಹಾಲೆಂದು ಮಾರುತ್ತಿದ್ದದ್ದನ್ನು, ಸಂತೆಗೆ ಬಂದಾಗಲೆಲ್ಲ ಈ ಬೀದಿಯಲ್ಲಿ ಕೂರುತ್ತಿದ್ದ ಅನ್ನಮ್ಮ ಒಂದೇ ಗುಟುಕಿಗೆ ಹಿಡಿದಿದ್ದಳು. ಈಗ ಅವನು ಕಂಪ್ಯೂಟರಿನ ಮುಂದೆ ಕೈಮುಗಿದು, "ಅವ್ವಾ, ನಾಳಿಂದ ಎಮ್ಮಿ ಹಾಲ ಹಾಕ್ತೀನ್ರಿ, ಯಾರ ಮುಂದೂ ಹೇಳಬ್ಯಾಡ್ರಿ" ಎಂದ. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಕುಂಯ್ ಕುಂಯ್ ಎನ್ನತೊಡಗಿತು, ಕತ್ತಲ ಅಂಗಡಿಯಲ್ಲಿ ಆ ಬಾಯಿಯೊಂದೇ ಹೊಳೆಯುತ್ತಿತ್ತು. ಭಾಗಣ್ಣ ಕಪ್ಪುಬಸಿ ಬಿಟ್ಟು ಓಡಿದ.

ಅವನು ಓಡಿದ ಸದ್ದಿಗೆ ಎದುರಿನ ಹೂವಿನಂಗಡಿಯ ಯಂಕಮ್ಮ ಬಂದಳು. ಇಂಥ ವಿಷಯಗಳಲ್ಲಿ ತನಗಿಂತ ತಿಳಿದವರಿಲ್ಲ ಎಂಬುದು ಆಕೆಯ ನಂಬಿಕೆ.

"ಎಲಿ ಅಡಕಿ ಬೇಡಲಾಕತ್ತಾಳ. ಜೀವ ಇರೂತನಕ ಬಾಯಾಗ ಎಲಿ ಇಲ್ಲದ ಕುಂತಾಕಿ ಅಲ್ಲ ಅಕಿ. ಕೊಡು, ಬಾಯಿ ಮುಚ್ಚತಾಳ."

"ಯಂಕಮ್ಮಕ್ಕ, ಇದು ಕಂಪ್ಯೂಟರ್ ಐತಿ..."

"ಕಂಪ್ಯೂಟರಿಗೆ ಬ್ಯಾಡ, ಅಕಿಗೆ ಕೊಡು."

ಯೂನುಸ ತಡೆಯುವುದರೊಳಗೆ ಮಶೀನಿನ ಮೇಲೆ ಬಿಗಿದಿದ್ದ ಹಲಗೆಯ ನಡುವೆ ಎಲೆ, ಅಡಿಕೆ, ಸುಣ್ಣ ಎಲ್ಲ ಬಂದು ಕೂತವು. ಕರೆಂಟೂ ಬಂತು. ಕಟ್ಟಿಗೆಗೆ ತಾಗದಂತೆ ಮೇಲೆ ಮೇಲೆ ಒಮ್ಮೆ ಓಡಿಸಿ ನೋಡೋಣವೆಂದು ಯೂನುಸ ಕೊರೆಯುವ ಮೊನೆಯನ್ನು ಎತ್ತರಿಸಿ ಮಶೀನು ಶುರುಮಾಡಿದ. ಅದು ಗಾಳಿಯಲ್ಲಿ ಹಣೆ ಬರೆಯಿತು, ಮೂಗು ಬರೆಯಿತು. ತುಟಿಯ ಜಾಗಕ್ಕೆ ಬಂದು ಒಂದು ಗಳಿಗೆ ನಿಂತಿತು. ಆಮೇಲೆ ಸರ್ರನೆ ಕೆಳಗಿಳಿದು ಎಲೆಯನ್ನು ಕಚಕಚನೆ ಜಗಿದು, ಅಡಿಕೆಯನ್ನು ಯಂಕಮ್ಮನ ಹಣೆಗೆ ಉಗುಳಿತು.

ಯೂನುಸ ಕೆಂಪು ಗುಂಡಿ ಒತ್ತಿದ. ಹಲಗೆಗೆ ಗೀರೂ ಬಿದ್ದಿರಲಿಲ್ಲ. ಯಂಕಮ್ಮ ಮಾತ್ರ ಹಣೆ ಹಿಡಿದುಕೊಂಡು, "ತಿಂದಳೋ! ನನ್ನ ಕಣ್ಣಾರೆ ನೋಡೀನಿ, ತಿಂದಳೋ!" ಎಂದು ಕೂಗುತ್ತ ಬೀದಿಗೆ ಬಿದ್ದಳು. ಬಾಗಿಲಲ್ಲಿ ಜನ ಸೇರಿದರು. ಒಳಗೆ ಬರುವ ಧೈರ್ಯ ಯಾರಿಗೂ ಇಲ್ಲ, ಸಲಹೆ ಮಾತ್ರ ಎಲ್ಲರದ್ದೂ.

ಯೂನುಸನಿಗೂ ಹೆದರಿಕೆಯಾಗಿತ್ತು, ನಿಜ. ಆದರೆ ಸತ್ತವರ ಹೆದರಿಕೆಗಿಂತ ಸುಲ್ತಾನಸಾಬರ ಹೆದರಿಕೆ ದೊಡ್ಡದು. ಬಾಗಿಲೆಳೆದು ಮತ್ತೆ ಕೂತ. ಕೂಡಿಸಿ ಕೂಡಿಸಿ ಬೇಸತ್ತು, ಸಿಟ್ಟಿನಲ್ಲಿ ತುಟಿಯ ಗೆರೆಯನ್ನೇ ಹಿಡಿದು ಪಕ್ಕಕ್ಕೆಳೆದ. ಗೆರೆ ಕಳಚಿ ಬಂತು. ಅದರ ಕೆಳಗೆ ಇನ್ನೊಂದು ಬಾಯಿ ಇತ್ತು.

ಅವನು ಕುರ್ಚಿಯನ್ನು ಹಿಂದೆ ತಳ್ಳಿ ಎದ್ದುಬಿಟ್ಟ. ಆಮೇಲೆ ಅರ್ಥವಾಯಿತು. ಫೋಟೋ ನೋಡಿ ಗೆರೆ ಎಳೆದ ಸುರಪುರದ ಸ್ಟುಡಿಯೋದವನು ಮೊದಲು ತೆರೆದ ಬಾಯಿ ಎಳೆದಿದ್ದ. ಚಂದ ಕಾಣದೆ ಅದರ ಮೇಲೇ ಮುಚ್ಚಿದ ತುಟಿ ಎಳೆದು, ಹಳೆಯದನ್ನು ಅಳಿಸಲು ಮರೆತಿದ್ದ. ಯೂನುಸ ಬೆಳಗಿನಿಂದ ಮೇಲಿನ ಬಾಯಿಯನ್ನು ಹೊಲಿಯುತ್ತಿದ್ದ. ಕೆಳಗಿನದು ತನ್ನ ಪಾಡಿಗೆ ತಾನು ತೆರೆದೇ ಇತ್ತು. ಅವನಿಗೆ ಒಬ್ಬನೇ ಕುಣಿಯಬೇಕೆನ್ನಿಸುವಷ್ಟು ಖುಷಿಯಾಯಿತು. ಕೆಳಗಿನದನ್ನು ಅಳಿಸಿದ, ಮೇಲಿನದನ್ನು ಸರಿಯಾಗಿ ಕೂಡಿಸಿದ, ಮಶೀನು ಬಿಟ್ಟ.

ಸಂಜೆಗೆ ಅನ್ನಮ್ಮ ಹಲಗೆಯಲ್ಲಿ ಮೂಡಿದ್ದಳು. ತುಟಿ ಬಿಗಿಯಾಗಿ ಮುಚ್ಚಿತ್ತು. ಯೂನುಸನ ಕೈಯಿಂದ ಇಷ್ಟು ಒಳ್ಳೆಯ ಕೆಲಸ ಹಿಂದೆ ಆಗಿರಲಿಲ್ಲ.

ಚಂದ್ರಾಮಪ್ಪ ಹೆಂಡತಿ ಮಲ್ಲೇಶ್ವರಿಯ ಜೊತೆ ಬಂದ. ಯೂನುಸ ಹೆಮ್ಮೆಯಿಂದ ಬಟ್ಟೆ ಸರಿಸಿದ. ಮಲ್ಲೇಶ್ವರಿ ಹಲಗೆ ನೋಡಿದವಳೇ ಸೆರಗನ್ನು ತಲೆಯ ಮೇಲೆಳೆದುಕೊಂಡು ಗಂಡನ ಬೆನ್ನ ಹಿಂದೆ ಸರಿದಳು.

"ನಾ ಏನ್ ತಪ್ಪ ಮಾಡೀನ್ರಿ, ಅತ್ತಿ?"

ಚಂದ್ರಾಮಪ್ಪ ಗಡಬಡಿಸಿ ಚಪ್ಪಲಿ ಕಳಚಿದ.

"ಏನ್ ಮಾಡಿದೆಪಾ ಯೂನುಸ! ಅವ್ವನ ಬಾಯಿ ಯಾಕ ಮುಚ್ಚಿದಿ?"

"ಮತ್ತ... ತೆರದ್ರ ಚಂದ ಕಾಣಂಗಿಲ್ರಿ ಸಾವಕಾರ್ರ."

"ಅವ್ವ ಬೈಕೋತ ಅಡ್ಡಾಡಿದ್ರ ನಮ್ಮ ಮನಿ ಸುಖ ಇತ್ತೋ. ಬಾಯಿ ಮುಚ್ಚಿದ್ಲಂದ್ರ ಮುಗೀತು, ಎಲ್ಲಾರೂ ಥರಥರ ನಡಗತಿದ್ವಿ. ನಮ್ಮಪ್ಪ ಹಾಸಿಗಿ ಸುತ್ತಕೊಂಡು ಹೊಲಕ್ಕ ಹೋಗ್ತಿದ್ದ. ಬ್ಯಾರೆ ಬಾಯಿ ಹಚ್ಚಲಾಕ ಬರ್ತದೇನು?"

"ಕೊರದ ಕಟಗಿ ಮತ್ತ ಕೂಡಂಗಿಲ್ರಿ."

ಮನೆಗೆ ಒಯ್ಯುವಂತಿಲ್ಲ, ತಾಯಿಯನ್ನು ಎಸೆಯುವಂತೆಯೂ ಇಲ್ಲ. ಕೊನೆಗೆ ಚಂದ್ರಾಮಪ್ಪ ತಾನೇ ಮೊಳೆ ಹೊಡೆದು, ಹಲಗೆಯನ್ನು ಕಂಪ್ಯೂಟರಿನ ಎದುರು ಗೋಡೆಗೆ ತೂಗುಹಾಕಿ ನಮಸ್ಕಾರ ಮಾಡಿದ.

"ಇಲ್ಲೇ ಇರಲಿ. ನಾಳಿನ ಪೂಜಿ ಫೋಟೋಕ್ಕ ಮಾಡ್ತೀವಿ. ಸಿಟ್ಟ ಇಳದ ಮ್ಯಾಲ ಒಯ್ತೀವಿ."

ಸುದ್ದಿ ಕೇಳಿ ಸುಲ್ತಾನಸಾಬರು ಗುಡುಗುತ್ತ ಬಂದರು. ಗೋಡೆಯತ್ತ ಕಣ್ಣು ಹೋದದ್ದೇ ದನಿ ಇಳಿಸಿದರು. "ಯೂನುಸ, ನಿನ್ನ ತೆಗದು ಮಶೀನು ಯಾದಗಿರಿಯವರಿಗೆ ಮಾರಾಂವಿದ್ದೆ" ಎಂದು ಪಿಸುಗುಟ್ಟಿದರು. "ಈಗ ಇದನ್ನ ಯಾರ್ ಮುಟ್ತಾರೋ? ನೀನ ಇರು. ಒಬ್ಬನ ಇರು." ಅಷ್ಟು ಹೇಳಿ, ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಟುಹೋದರು.

ಕೆಲಸವೇನೋ ಉಳಿಯಿತು. ಯೂನುಸ ಕುರ್ಚಿಯನ್ನು ಎಡಕ್ಕೆ ಸರಿಸಿ ನೋಡಿದ, ಬಲಕ್ಕೆ ಸರಿಸಿ ನೋಡಿದ. ಎಲ್ಲಿ ಕೂತರೂ ಅನ್ನಮ್ಮ ಅವನನ್ನೇ ನೋಡುತ್ತಿದ್ದಳು. ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಹಲಗೆಯ ಮುಂದೆ ಕೈಕಟ್ಟಿ ನಿಂತ.

"ಅವ್ವಾ, ಒಂದ್ ಮಾತರ ಬೈರಿ."

ಅನ್ನಮ್ಮ ಏನೂ ಅನ್ನಲಿಲ್ಲ.