ಕ್ಲಚ್ಚಿಲ್ಲದ ಕಾರೂ ನಮ್ಮವರ ಗೇರುಬಾಕ್ಸೂ

ಗಾರೇಜು ಮೇಸ್ತ್ರಿಯ ಹೆಂಡತಿಯಾಗಿ ಬಾಳಿದವಳು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕೆಟ್ಟುಹೋದ ಪ್ರತಿ ಗಾಡಿಯ ಹಿಂದೆಯೂ ಒಂದು ತಮಾಷೆ ಬಂದು ಮನೆ ಬಾಗಿಲಲ್ಲಿ ನಿಲ್ಲುತ್ತದೆ. ನನಗೆ ಬರೆಯಲಿಕ್ಕೆ ಬಾರದು; ನಾನು ಹೇಳುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ.

ಎಂಬತ್ತರ ಆಸುಪಾಸಿನ ಮಾತು. ಬಂಟ್ವಾಳದಲ್ಲಿ ನಮ್ಮವರದ್ದೊಂದು ತಗಡಿನ ಶೆಡ್ಡು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದ ಧಣಿಯೊಬ್ಬರು ಕ್ಲಚ್ಚೇ ಇಲ್ಲದ ಫಾರಿನ್ ಕಾರು ತಂದಿದ್ದರು. ಸ್ಟಿಯರಿಂಗಿನ ಎಡಕ್ಕೆ ಒಂದು ಕೋಲು. ಅದನ್ನು ಒಮ್ಮೆ ಓಡುವ ಜಾಗಕ್ಕೆ ಇಟ್ಟರೆ ಸಾಕು, ಗೇರು ತನ್ನಷ್ಟಕ್ಕೇ ಬದಲಾಗುತ್ತಿತ್ತು. ಆ ಗೇರುಬಾಕ್ಸು ಕೆಟ್ಟಾಗ ನಮ್ಮವರು ಪೂರಾ ಬಿಚ್ಚಿ, ಹೊಸ ಸಾಮಾನು ಹಾಕಿ, ಪುನಃ ಕಟ್ಟಿದರು. ಇವರೊಬ್ಬರೇ ಓಡಿಸಿದರೆ ಕಾರು ಬೆಣ್ಣೆ. ಧಣಿಗಳ ಮನೆಯವರೆಲ್ಲ ಕೂತು ಹೊರಟರೋ, ಮೇಲಿನ ಗೇರಿಗೆ ಬೀಳುವುದೇ ಇಲ್ಲ, ಒಂದನೇ ಗೇರಿನಲ್ಲೇ ಕೂಗುತ್ತಾ ಹೋಗುತ್ತದೆ!

"ಇದು ಸರಿಯಾಗದಿದ್ದರೆ ಶೆಡ್ಡಿಗೆ ಬೀಗ ಹಾಕಿ ಬೊಂಬಾಯಿಗೆ ಹೋಗ್ತೇನೆ. ಹೋಟೆಲಲ್ಲಿ ತಟ್ಟೆ ತೊಳೆದಾದ್ರೂ ಬದುಕ್ತೇನೆ" ಅಂದರು ಇವರು. ಹೇಳಿದ್ದನ್ನು ಮಾಡಿಯೇ ಬಿಡುವ ಜನ ಅದು.

ಎಡಗಾಲು

ಶಬ್ದ ಎಲ್ಲಿಂದ ಬರುತ್ತದೆಂದು ಕಿವಿಗೊಟ್ಟು ಕೇಳಬೇಕಲ್ಲ? ಅದಕ್ಕೆ ಅಂಬಾಸಿಡರ್ ಬಾಡಿಗೆ ಕಾರಿನ ಡ್ರೈವರೊಬ್ಬನನ್ನು ಸ್ಟಿಯರಿಂಗಿಗೆ ಕೂರಿಸಿ, ಇವರೂ ಧಣಿಗಳೂ ಜೊತೆಗೆ ಕೂತರು. ಪಾಪ, ಅವನ ಎಡಗಾಲಿಗೆ ವರ್ಷಗಟ್ಟಲೆ ಕ್ಲಚ್ ತುಳಿದ ಅಭ್ಯಾಸ. ಇಲ್ಲಿ ಕ್ಲಚ್ ಎಲ್ಲುಂಟು? ಆ ಜಾಗದವರೆಗೂ ಅಗಲಕ್ಕೆ ಚಾಚಿಕೊಂಡದ್ದು ಬ್ರೇಕು. ಅವನು ತುಳಿದಾಗಲೆಲ್ಲ ಕಾರು ಗಕ್ಕನೆ ನಿಲ್ಲುವುದು, ಧಣಿಗಳ ಹಣೆ ಕಾರಿನ ಎದುರುಹಲಗೆಯ ಮೇಲೆ ಕೂರಿಸಿದ್ದ ಗಣಪತಿ ಮೂರ್ತಿಗೆ ಬಡಿಯುವುದು.

"ಮೇಸ್ತ್ರಿ, ದೇವರಿಗೆ ನಮಸ್ಕಾರ ಸಾಕು ಮಾರಾಯ" ಅಂದರಂತೆ ಧಣಿಗಳು. ಸಿಟ್ಟಿಲ್ಲ, ನಗುತ್ತಲೇ. ಆ ಪುಣ್ಯಾತ್ಮರು ನಮ್ಮವರನ್ನು ಒಂದು ದಿನವೂ ಗದರಿದವರಲ್ಲ.

ಇವರು ಹೆಗಲ ಮೇಲಿನ ಬೈರಾಸು ತೆಗೆದು ಡ್ರೈವರನ ಎಡಗಾಲನ್ನು ಸೀಟಿನ ಬುಡಕ್ಕೆ ಕಟ್ಟಿದರು. ಆಮೇಲೆ ಕಾರು ಚಂದ ಹೋಯಿತು, ಆ ದಿನ ಕೂಗಲೂ ಇಲ್ಲ. ಸೇತುವೆಯ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದು ಒಳಗೆ ಬಗ್ಗಿದ. ಕಟ್ಟಿದ ಕಾಲು ನೋಡಿದ. ಧಣಿಗಳ ಮುಖ ನೋಡಿದ.

"ಅಲ್ಲ ಸ್ವಾಮಿ, ಕೈದಿಯ ಹತ್ತಿರವೇ ಕಾರು ಬಿಡಿಸುವುದಾ?"

ಕೆಂಪು ನೀರು

ಧಣಿಗಳ ತಾಯಿಯನ್ನು ನಾವೆಲ್ಲ ಅಮ್ಮ ಅಂತಲೇ ಕರೆಯುವುದು. ಅವರನ್ನು ಬೆಳ್ತಂಗಡಿಯ ನೆಂಟರ ಮನೆಗೆ ಇವರೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕಾರು ಕೂಗಿತು. ಸಾಲದ್ದಕ್ಕೆ ಅಂಗಳದಲ್ಲಿ ನಿಲ್ಲಿಸಿದಾಗ ಅಡಿಯಿಂದ ತೊಟತೊಟ ಕೆಂಪು ನೀರು. ಆ ಗೇರುಬಾಕ್ಸಿನ ಎಣ್ಣೆಯ ಬಣ್ಣವೇ ಹಾಗೆ. ಆದರೆ ಆ ಮನೆಯ ಅಜ್ಜನಿಗೆ ಕಂಡದ್ದು ಭೂತದ ಕಾರ್ಯಕ್ಕೆ ಕಲಸುವ ಕುರುದಿ ನೀರು!

"ಯಾರೋ ಮಾಟ ಮಾಡಿದ್ದಾರೆ! ಯಾರೂ ಮುಟ್ಟಬೇಡಿ!"

ಅಷ್ಟರಲ್ಲಿ ಕಾರಿನಡಿಗೆ ನುಗ್ಗಿದ್ದ ನಮ್ಮವರು ಮೊಣಕೈವರೆಗೆ ಕೆಂಪಾಗಿ ಎದ್ದು ಬಂದರು. ಹೆಂಗಸರು ಚೀರಿಕೊಂಡು ಒಳಗೋಡಿದರು. ಅಜ್ಜ ತೆಂಗಿನಕಾಯಿಯೊಂದನ್ನು ಕಾರಿಗೆ ನಿವಾಳಿಸಿ ಒಡೆದರು. ಇವರು ಮತ್ತೆ ಅಡಿಗೆ ಹೋಗಿ ಸಡಿಲಾದ ಬೋಲ್ಟುಗಳನ್ನು ಬಿಗಿದರು. ಸೋರುವುದು ನಿಂತಿತು.

"ನೋಡಿದ್ರಾ ಮೇಸ್ತ್ರಿ? ಒಂದು ಕಾಯಿಗೆ ನಿಂತಿತು."

"ಹೌದು ಅಜ್ಜೇರೇ. ನಮ್ಮ ಸ್ಪ್ಯಾನರ್ ಸುಮ್ಮನೆ ಜೊತೆಗೆ ಬಂದದ್ದು."

ಆ ಕಾಯಿಯ ಹೋಳನ್ನು ಅವರೇ ಕಟ್ಟಿಕೊಟ್ಟರು. ರಾತ್ರಿ ನಾನು ಚಟ್ನಿ ಅರೆದೆ. ಮಾಟದ ರುಚಿ ಏನೂ ಬರಲಿಲ್ಲ.

ಮೂಡಬಿದಿರೆ ದಾರಿ

ಸೋರುವುದು ನಿಂತರೂ ಕೂಗು ನಿಲ್ಲಲಿಲ್ಲ. ಭಾರಕ್ಕೆ ಹೀಗಾಗುತ್ತದೋ ಅಂತ ಇವರು ಕಾರಿನೊಳಗೆ ಅಕ್ಕಿಮುಡಿ ತುಂಬಿಸಿ ಓಡಿಸಿದರು. ಕೂಗಲಿಲ್ಲ. "ಮುಡಿ ಕೂತರೆ ಸರಿ, ಧಣಿಗಳ ಮನೆಯವರು ಕೂತರೆ ಇಲ್ಲ! ಇದೆಂಥ ಕಾರು ಮಾರಾಯ್ತಿ?" ಅಂತ ತಲೆಗೆ ಕೈ ಹೊತ್ತು ಕೂತರು. ಬೊಂಬಾಯಿಗೆ ಹೋಗಲಿಕ್ಕೆ ಟ್ರಂಕು ಕೆಳಗಿಳಿಸಿಯೂ ಆಯಿತು.

ಆಗ ಅಮ್ಮ ಹೇಳಿಕಳುಹಿಸಿದರು: "ಮೂಡಬಿದಿರೆಗೆ ತಂಗಿಯ ಮನೆಗೆ ಹೋಗುವ. ಮೇಸ್ತ್ರಿಯೇ ಕಾರು ಬಿಡಲಿ, ಹೆಂಡತಿಯೂ ಬರಲಿ. ಆ ಹುಡುಗಿ ಊರು ನೋಡದೆ ಎಷ್ಟು ಕಾಲವಾಯ್ತೋ." ಆ ಒಂದು ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಅಮ್ಮ ಎದುರು ಸೀಟಿಗೆ, ನಾನು ಹಿಂದೆ. ಅಮ್ಮ ಕೂತವರೇ ತಮ್ಮ ಎಲೆಯಡಿಕೆ ಚೀಲವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸುವ ಹಾಗೆ ಸ್ಟಿಯರಿಂಗಿನ ಪಕ್ಕದ ಕೋಲಿಗೆ ಸಿಕ್ಕಿಸಿದರು. ಒಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಮತ್ತೆ ಅಡಿಕೆ ಜಜ್ಜುವ ಕಬ್ಬಿಣದ ಕುಟ್ಟಾಣಿ. ಸ್ವಲ್ಪ ದೂರದಲ್ಲೇ ಕೂಗು ಶುರು. ಇವರ ಕತ್ತಿನಲ್ಲಿ ಬೆವರು.

ಅಮ್ಮನಿಗೆ ಬಾಯಿ ಚಪ್ಪೆಯಾಯಿತು. ಚೀಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಕಾರು "ಉಸ್" ಅಂತ ಮೇಲಿನ ಗೇರಿಗೆ ಬಿದ್ದು ಹಗುರವಾಗಿ ಓಡಿತು. ಅಮ್ಮ ಜಜ್ಜಿದರು, ಬಾಯಿಗೆ ಹಾಕಿದರು, ಚೀಲ ಪುನಃ ಕೋಲಿಗೆ. ಕೂಗು ಪುನಃ ಶುರು. ಇನ್ನೊಮ್ಮೆ ಚೀಲ ಎತ್ತಿದರು, ಇನ್ನೊಮ್ಮೆ ಕೂಗು ನಿಂತಿತು.

ನಾನು ಹಿಂದಿನಿಂದ ಮೆಲ್ಲ ಹೇಳಿದೆ, "ಇಲ್ನೋಡಿ, ಅಮ್ಮ ಎಲೆ ಹಾಕುವಾಗ ಮಾತ್ರ ನಿಮ್ಮ ಕಾರು ಸರಿ ಇರ್ತದೆ."

ಇವರು ಕಾರು ನಿಲ್ಲಿಸಿ ಆ ಕೋಲನ್ನು ನೋಡಿದರು. ಕುಟ್ಟಾಣಿಯ ಭಾರಕ್ಕೆ ಅದು ಒಂದು ಮನೆ ಕೆಳಗೆ, ಗುಡ್ಡ ಹತ್ತುವ ಒಂದನೇ ಗೇರಿಗೆ ಜಾರಿ ಕೂತಿತ್ತು. ಅಮ್ಮ ಚೀಲ ಎತ್ತಿದಾಗ ಚೀಲದ ಹಿಡಿಗೆ ಸಿಕ್ಕಿ ಕೋಲೂ ಮೇಲೆ ಬರುತ್ತಿತ್ತು! ಇಷ್ಟು ದಿನ ಇವರು ಬಿಚ್ಚಿ ಕಟ್ಟಿದ ಗೇರುಬಾಕ್ಸಿನಲ್ಲಿ ಏನೆಂದರೆ ಏನೂ ತಪ್ಪಿರಲಿಲ್ಲ. ಇವರು ಸ್ಟಿಯರಿಂಗಿಗೆ ಹಣೆ ಇಟ್ಟು ನಗಲಿಕ್ಕೆ ಶುರುಮಾಡಿದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಟ್ರಂಕು ಅಟ್ಟಕ್ಕೆ ಹೋಯಿತಲ್ಲ ಇನ್ನು!

ಅಮ್ಮನಿಗೆ ವಿಷಯ ಬಿಡಿಸಿ ಹೇಳಿದಾಗ ಅವರು ಮಾತ್ರ ನಗಲಿಲ್ಲ. ಕಿಟಕಿಯಿಂದ ಹಿಂದೆ ಮುಂದೆ ನೋಡಿದರು. ಚೀಲವನ್ನು ಸೆರಗಿನೊಳಗೆ ಅಡಗಿಸಿಕೊಂಡು ನಮ್ಮವರ ಕಿವಿಯ ಹತ್ತಿರ ಬಗ್ಗಿದರು.

"ಹಾಗಾದ್ರೆ ಮಗಾ, ಇಷ್ಟು ದಿನ ಗೇರು ಹಾಕ್ತಾ ಇದ್ದದ್ದು ನಾನಾ? ಆ ಸೇತುವೆಯ ಪೊಲೀಸಿಗೆ ಹೇಳಬೇಡ, ನನ್ನ ಹತ್ತಿರ ಲೈಸನ್ಸ್ ಇಲ್ಲ!"