ಹೀಟರ್‌ಗೆ ಕೂಲರ್‌ನ ಜಾತಕ

“ನಲವತ್ತು ಸಾಲಿನ ಕೆಲಸಾನ ಒಂದೇ ಸಾಲಿಗೆ ಇಳಿಸಿಬಿಟ್ಟೆ ಕಣೇ! ಒಂದೇ ಒಂದು ಸಾಲು!”

ಬೆಳ್ಳಂಬೆಳಗ್ಗೆ ರೇಷ್ಮೆಹುಳದ ಮನೆಯ ಬಾಗಿಲಲ್ಲಿ ಪಿಳ್ಳಪ್ಪ ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಕುಣಿಯುತ್ತಿದ್ದರು. ಸೊಪ್ಪಿನ ಹೊರೆ ಹೊತ್ತು ಬಂದ ಅವರ ಹೆಂಡತಿ ಮುನಿರತ್ನಮ್ಮನ ಎದೆ ಧಸಕ್ಕೆಂದಿತು. ಐಟಿಐನಲ್ಲಿ ಪಾಠ ಹೇಳಿ ನಿವೃತ್ತರಾದ ಈ ಮಹಾನುಭಾವರು ಕುಣಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಸುಟ್ಟುಹೋಗಿದೆ. ಸುಡುವುದಿದ್ದರೆ ಬೇರೆ ಏನಾದರೂ ಸುಡಲಿ, ಹುಳ ಒಂದನ್ನು ಬಿಟ್ಟು! ಹೋದ ಬೆಳೆ ಪೂರ್ತಿ ಸುಣ್ಣಕಟ್ಟು ರೋಗಕ್ಕೆ ತುತ್ತಾಗಿತ್ತು. ಈ ಸಲವೂ ಕೈಕೊಟ್ಟರೆ ಹುಳದ ಮನೆಗೆ ಬೀಗ ಹಾಕಿ ಹಿಪ್ಪುನೇರಳೆ ಕೀಳಿಸುವುದೆಂದು ಮಾತಾಗಿತ್ತು. ನಿದ್ದೆಗೆಟ್ಟು ಸಾಕಿದ ಹುಳಗಳು ಇನ್ನೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಗಳು ಆ ಊರಲ್ಲಿ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತವೆ. ಇವರ ಸರದಿ ನಾಳಿದ್ದು.

“ಅದೇನು ಇಳಿಸಿದ್ರೋ ಬಿಡಿಸಿ ಹೇಳಿ,” ಎಂದಳು, ಹೊರೆ ಇಳಿಸುವುದನ್ನೂ ಮರೆತು.

“ನೋಡು, ಹುಳದ ಮನೆ ನೋಡ್ಕೊಳ್ಳೋ ನನ್ನ ಯಂತ್ರದ ಪ್ರೋಗ್ರಾಮಿನೊಳಗೆ ಕರ್ನಲ್ ಅಂತ ಒಬ್ಬ ಯಜಮಾನ ಇದಾನೆ. ಹೀಟರ್ರು, ಫ್ಯಾನು, ಮಿಕ್ಸಿ, ಎಲ್ಲ ಅವನ ಆಳುಗಳು. ಒಂದೊಂದರ ಚಿಪ್ಪಿನಲ್ಲೂ ನಾನು ಯಾರು, ನನ್ನ ಕೆಲಸ ಏನು ಅಂತ ಜಾತಕ ಬರೆದಿರುತ್ತೆ. ಅದೇ ಫರ್ಮ್‌ವೇರ್. ಇಷ್ಟು ದಿನ ಯಜಮಾನ ಆ ಜಾತಕ ಓದಿ, ತಂತಿ ಎಲ್ಲಿಂದ ಬಂತು ನೋಡಿ, ಒಂದು ಗಳಿಗೆ ಓಡಿಸಿ ಪರೀಕ್ಷೆ ಮಾಡಿ ಆಮೇಲೆ ನಂಬ್ತಿದ್ದ. ಈಗ ಆ ರಗಳೆಯೇ ಇಲ್ಲ. ಕೇಳ್ತಾನೆ, ನಂಬ್ತಾನೆ!”

“ನಮ್ಮಪ್ಪನೂ ನನ್ನ ಕೊಡೋವಾಗ ಹಿಂಗೇ ಜಾತಕ ಒಂದನ್ನೇ ನೋಡಿ ನಂಬಿದ್ದು!”

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳದೆ ಗುಂಡಿ ಒತ್ತಿದರು.

“ಬಿಸಿ ಒಂದು ಡಿಗ್ರಿ ಹೆಚ್ಚಾಗಿದೆ,” ಎಂದಿತು ಯಂತ್ರ, ವಾರ್ತೆ ಓದುವವರ ದನಿಯಲ್ಲಿ. “ತಂಪು ಮಾಡುವವರು ಯಾರು? ಸಿಕ್ಕಿದರು. ತಂಪು ಮಾಡಲಾಗುತ್ತಿದೆ.”

ಗೋಡೆಗೆ ಬಿಗಿದಿದ್ದ ಹೀಟರ್ ಕೆಂಡವಾಯಿತು.

“ರೀ! ಹೀಟರ್ ಹತ್ಕೊಂತು!”

“ಬಿಸಿ ಮೂರು ಡಿಗ್ರಿ ಹೆಚ್ಚಾಗಿದೆ. ಇನ್ನಷ್ಟು ತಂಪು ಮಾಡಲಾಗುತ್ತಿದೆ.”

ಮೇಷ್ಟ್ರ ಮುಖ ಬಿಳುಚಿಕೊಂಡಿತು. “ರತ್ನಾ, ಈ ಹೀಟರ್ ಎಲ್ಲಿ ರಿಪೇರಿ ಮಾಡಿಸ್ದೆ?”

“ಇನ್ನೆಲ್ಲಿ? ಬಸ್‌ಸ್ಟ್ಯಾಂಡ್ ಗಂಗರಾಜು ಹತ್ರ. ಯಾವುದೋ ಸತ್ತ ವಾಟರ್ ಕೂಲರ್‌ನ ಬೋರ್ಡು ಕಿತ್ತು ಕೂರ್ಸ್ದ. ಚೆನ್ನಾಗೇ ಓಡ್ತಿತ್ತಲ್ಲ!”

ಆ ಊರಲ್ಲಿ ಕೆಟ್ಟ ಸಾಮಾನು ಯಾವುದೂ ಪೂರ್ತಿ ಸಾಯುವುದಿಲ್ಲ. ಒಂದರ ಜೀವ ಕಿತ್ತು ಇನ್ನೊಂದಕ್ಕೆ ಹಾಕುವುದೇ ಗಂಗರಾಜುವಿನ ವಿದ್ಯೆ. ಹೀಟರ್‌ನ ಮೈಯಲ್ಲಿ ಕೂತ ಚಿಪ್ಪು ಇವತ್ತಿಗೂ ತನ್ನನ್ನು ಕೂಲರ್ ಎಂದೇ ತಿಳಿದಿತ್ತು. ಹಳೆಯ ನಲವತ್ತು ಸಾಲು ಆ ಸುಳ್ಳನ್ನು ಪರೀಕ್ಷೆಯಲ್ಲಿ ಹಿಡಿದುಹಾಕಿ, ತೆಪ್ಪಗೆ ಹೀಟರ್ ಎಂದೇ ನಡೆಸಿಕೊಂಡು ಬಂದಿತ್ತು. ಹೊಸ ಒಂದು ಸಾಲು ಕಣ್ಣು ಮುಚ್ಚಿ ನಂಬಿತು.

“ಹಳೇದನ್ನೇ ವಾಪಸ್ ಹಾಕ್ರೀ!”

“ಅಳಿಸಿಬಿಟ್ಟೆ! ಸರಳ ಆಯ್ತಲ್ಲ ಅಂತ!” ಮೇಷ್ಟ್ರು ತಂತಿಗಳ ರಾಶಿಯ ಕೆಳಗೆ ನುಸುಳಿ ಕೂತು ಕೀಲಿಮಣೆ ಕುಟ್ಟತೊಡಗಿದರು. “ತಡಿ, ಫ್ಯಾನ್ ಹಾಕಿಸ್ತೀನಿ. ಫ್ಯಾನ್ ಯಾರು?”

“ಸಿಕ್ಕಿದರು.”

ಫ್ಯಾನ್ ಅಲ್ಲಾಡಲಿಲ್ಲ. ಅಡುಗೆಮನೆಯ ಮಿಕ್ಸಿ ಭೋರೆಂದಿತು. ಮುಚ್ಚಳ ಹಾರಿ, ಹುರಿಗಡಲೆ ಚಟ್ನಿ ಸೂರಿನವರೆಗೂ ಚಿಮ್ಮಿತು. ಯಾವುದೋ ಫ್ಯಾನಿನ ಬೋರ್ಡು ಹಾಕಿ ಮಿಕ್ಸಿಯನ್ನು ಬದುಕಿಸಿದ್ದೂ ಗಂಗರಾಜುವೇ!

ಮುನಿರತ್ನಮ್ಮನಿಗೆ ಚಟ್ನಿಯ ಚಿಂತೆ ಇರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದಳು. ಗೋಣಿಚೀಲ ನೆನೆಸಿ ನೇತುಹಾಕಿದಳು. ಹೊರಗಿನ ಚಳಿಗಾಳಿ ಒಳಗೆ ಬಂದು ಬೆಚ್ಚಗಾಗುತ್ತಿತ್ತೇ ಹೊರತು ಕೋಣೆ ತಣ್ಣಗಾಗಲಿಲ್ಲ. ಹುಳಗಳು ಸೊಪ್ಪು ಬಿಟ್ಟು ತಲೆ ಎತ್ತಿದ್ದವು. ಅಯ್ಯೋ, ಬಾಯಿಲ್ಲದ ಜೀವಗಳು, ಬೆಂದೇಹೋಗುತ್ತವೆ!

“ಸ್ವಿಚ್ ಎಲ್ರೀ?”

“ಯಜಮಾನ ಇರೋವಾಗ ಸ್ವಿಚ್ ಯಾಕೆ ಅಂತ ಕಿತ್ತುಹಾಕಿದೀನಿ!”

“ನಿಮ್ಮ ಯಜಮಾನಿಕೆಗೆ ಬೆಂಕಿ ಹಾಕ!”

ಅವಳು ಅಂಗಳಕ್ಕೆ ಓಡಿ ಮೀಟರಿನ ಪಕ್ಕದ ಫ್ಯೂಸನ್ನೇ ಕಿತ್ತೆಸೆದಳು. “ತಂಪು ಮಾಡಲಾಗು...” ಎಂದು ಯಂತ್ರದ ದನಿ ನಿಂತಿತು.

ಮರಳಿ ಬಂದವಳು ಹೊಸಿಲಲ್ಲೇ ನಿಂತಳು. ಹುಳ ಸತ್ತಿರಲಿಲ್ಲ. ಆ ಕಾವಿಗೆ ಎರಡು ದಿನ ಮೊದಲೇ, ಎಲ್ಲವೂ ಒಟ್ಟಿಗೆ, ಹೊನ್ನಿನ ಬಣ್ಣಕ್ಕೆ ತಿರುಗಿ ಹಣ್ಣಾಗಿದ್ದವು! ಚಂದ್ರಿಕೆಗಳೋ ಪಕ್ಕದ ಬೀದಿಯ ದ್ಯಾವಮ್ಮನ ಮನೆಯಲ್ಲಿ ತುಂಬಿ ಕೂತಿದ್ದವು. ಹಣ್ಣಾದ ಹುಳ ಕಾಯುವುದಿಲ್ಲ. ಜಾಗ ಸಿಗದಿದ್ದರೆ ಸೊಪ್ಪಿನ ಮೇಲೇ ನೂಲು ಚೆಲ್ಲಿ ಹಾಳು ಮಾಡಿಕೊಳ್ಳುತ್ತದೆ. ಮುನಿರತ್ನಮ್ಮ ಪೊರಕೆ, ಒಣಹುಲ್ಲು, ಮೊರ, ಹಿಪ್ಪುನೇರಳೆಯ ಒಣಕಡ್ಡಿ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಹರಡಿದಳು. ಹುಳಗಳನ್ನು ಬೊಗಸೆ ಬೊಗಸೆ ಎತ್ತಿ ಬಿಟ್ಟಳು. ಮಧ್ಯಾಹ್ನದವರೆಗೂ ನೀರು ಕುಡಿಯಲಿಲ್ಲ. ಕೊನೆಯ ತಟ್ಟೆಗೆ ಕೈ ಹಾಕಿದರೆ, ಅದು ಖಾಲಿ!

“ರತ್ನಾ...” ಮೂಲೆಯಿಂದ ಸಣ್ಣ ದನಿ ಬಂತು.

ಆ ತಟ್ಟೆಯ ಹುಳಗಳು ತಂತಿ ಹತ್ತಿ ಯಂತ್ರಕ್ಕೆ ಹೋಗಿದ್ದವು. ಯಂತ್ರ ಸಾಲದೆ ಅದರ ಕೆಳಗೆ ಇನ್ನೂ ತಂತಿ ಬಿಡಿಸುತ್ತ ಕೂತಿದ್ದ ಮೇಷ್ಟ್ರನ್ನೂ ಹತ್ತಿದ್ದವು. ಮಫ್ಲರ್, ಉಣ್ಣೆಯ ಸ್ವೆಟರ್, ಕಿವಿಯ ಹಿಂದೆ, ಎಲ್ಲೆಲ್ಲೂ ಹುಳ. ಒಂದು ಹುಳ ಕನ್ನಡಕದ ಕಡ್ಡಿಯಿಂದ ಮೂಗಿಗೆ ನೂಲು ಹಾಯಿಸುತ್ತಿತ್ತು.

“ಇವನ್ನ ತೆಗಿಯೇ!”

ಮುನಿರತ್ನಮ್ಮ ಬಗ್ಗಿ ನೋಡಿದಳು. ಒಂದೊಂದೂ ಹೊಳೆಯುವ, ಗಟ್ಟಿಯಾದ ನೂಲು. ಬೆಳೆ ಉಳಿದಿತ್ತು! ಅವಳ ಕಣ್ಣು ತುಂಬಿ ಬಂತು.

“ಅಲ್ಲಾಡಬೇಡಿ! ನೂಲು ಶುರು ಮಾಡಿದ ಹುಳಾನ ಕೀಳಬಾರದು. ಎರಡು ದಿನ ಹಿಂಗೇ ಕೂತಿರಿ. ಊಟ ನಾನೇ ತಿನ್ನಿಸ್ತೀನಿ.”

“ಎರಡು ದಿನಾನಾ? ಸುಮ್ನೆ ಕೂತು ನಾನೇನು ಮಾಡಲಿ?”

“ಏನೂ ಮಾಡಬೇಡಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೂವತ್ತೊಂದು ವರ್ಷದಿಂದ ನಾನು ಕೇಳ್ಕೊಂತಾ ಇರೋದು ಅದೊಂದೇ.”