ಅಂಗಳದಲ್ಲೊಂದು ಪೆನಾಲ್ಟಿ ಕಾರ್ನರ್

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಬಾಣ ಬಿಡಿಸುವ ಚಟ. ಬಿಲ್ಲಿಗೆ ಹೂಡುವ ಬಾಣವಲ್ಲ, ‘ನೀನು ಇಲ್ಲಿಂದ ಅಲ್ಲಿಗೆ ಓಡು’ ಎಂದು ತೋರಿಸುವ ಗೆರೆಯ ಬಾಣ. ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ನಾನು ಹುಡುಗಿಯರಿಗೆ ಹಾಕಿ ಕಲಿಸುತ್ತೇನೆ. ಹಾಕಿ ಕಲಿಸುವವರು ಮೈದಾನದಲ್ಲಿ ಕಲಿಸಿ ಮನೆಗೆ ಬಂದು ಅನ್ನ ಉಂಡು ಮಲಗಿದರೆ ಲೋಕಕ್ಕೆ ಏನೂ ನಷ್ಟವಿಲ್ಲ. ನನಗೆ ಅದಾಗುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಎಲೆಯ ಮೇಲೆ ಉಪ್ಪಿನಕಾಯಿಯ ರಸದಿಂದ ಒಂದು ಗೆರೆ ಎಳೆದು, ‘ರೈಟ್ ವಿಂಗ್ ಹೀಗೆ ಬಂದರೆ?’ ಎಂದು ಯೋಚಿಸುತ್ತೇನೆ. ಬಡಿಸುವವರು ಅದನ್ನು ಇನ್ನಷ್ಟು ಉಪ್ಪಿನಕಾಯಿ ಬೇಕೆಂಬ ಸನ್ನೆ ಎಂದುಕೊಂಡು ಮತ್ತೊಂದು ಚಮಚ ಹಾಕಿ ಹೋಗುತ್ತಾರೆ.

ಮನೆಯಲ್ಲಂತೂ ಕೇಳಬೇಡಿ. ರೊಟ್ಟಿ ಬಡಿಯಲು ಕೂತರೆ ಕೊಣಮಿಗೆಯೆಂಬ ಆ ಮರದ ಹರಿವಾಣದಲ್ಲಿ ಹಿಟ್ಟು ಹರಡಿರುತ್ತದೆ, ಬೆರಳು ಸುಮ್ಮನಿರುವುದಿಲ್ಲ. ಒಮ್ಮೆ ಊಟದ ಮೇಜಿನ ಮೇಲೆ ಶೇಂಗಾ ಬೀಜಗಳನ್ನು ನಮ್ಮ ತಂಡವಾಗಿಯೂ ಬೆಳ್ಳುಳ್ಳಿ ಎಸಳುಗಳನ್ನು ಎದುರು ತಂಡವಾಗಿಯೂ ಜೋಡಿಸಿ, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆಯವರು ನನ್ನ ಗೋಲ್ ಕೀಪರನ್ನೂ ಇಬ್ಬರು ಬ್ಯಾಕ್‌ಗಳನ್ನೂ ತಿಂದು ಮುಗಿಸಿದ್ದರು. “ಏನ್ರೀ ಇದು!” ಎಂದು ಕೂಗಿದೆ. “ಉಪ್ಪ ಹಚ್ಚಿ ಹುರಿಬೇಕಿತ್ತು, ಡಿಫೆನ್ಸ್ ಭಾಳ ಸಪ್ಪಗ ಐತಿ” ಎಂದರು. ಅವರು ವೈರಿಂಗ್ ಕೆಲಸ ಮಾಡುವವರು. ಗೋಡೆಯೊಳಗೆ ಎಲ್ಲಿ ಯಾವ ತಂತಿ ಹೋಗಿದೆ ಎಂದು ಅವರು ಬರೆಯುವ ನಕ್ಷೆಯಂತೆ ತಂತಿಗಳು ಜೀವಮಾನವಿಡೀ ಅಲ್ಲೇ ಇರುತ್ತವೆ. ನನ್ನ ಹುಡುಗಿಯರು ಹಾಗೆ ಇರುವುದಿಲ್ಲ ಎಂಬುದೇ ನನ್ನ ಸಂಕಟ.

ಏಕೆಂದರೆ ನನ್ನ ಸೇವಾವಧಿಯಲ್ಲಿ ನಾನು ಬಿಡಿಸಿದ ಒಂದೇ ಒಂದು ಚಿತ್ರವೂ ಮೈದಾನದಲ್ಲಿ ನಡೆದಿರಲಿಲ್ಲ. ಚಿತ್ರದಲ್ಲಿ ಎಮ್ಮೆ ಇರುವುದಿಲ್ಲ, ನಮ್ಮ ಮೈದಾನದಲ್ಲಿ ಇರುತ್ತದೆ. ಚಿತ್ರದಲ್ಲಿ ಯಾರ ಜಡೆಯೂ ಬಿಚ್ಚುವುದಿಲ್ಲ. ಚೆಂಡು ಕಲ್ಲಿಗೆ ಬಡಿದು ಸೊಟ್ಟಗೆ ಹಾರುವುದಿಲ್ಲ. ಇದೆಲ್ಲ ನಮ್ಮ ಹೆಡ್‌ಮಾಸ್ತರರಿಗೂ ಗೊತ್ತಿತ್ತು. ಈ ವರ್ಷ ಶಾಲೆ ಶುರುವಾದಾಗ ಕರೆದು ಹೇಳಿದ್ದರು: “ನೋಡ್ರಿ ಅಕ್ಕೋರ, ಕಬಡ್ಡಿಗೆ ಬರೇ ಸುಣ್ಣದ ಪುಡಿ ಸಾಕು. ನಿಮ್ಮ ಹಾಕಿಗೆ ಸ್ಟಿಕ್ ಬೇಕು, ಪ್ಯಾಡ್ ಬೇಕು, ಬಾಲ್ ಬೇಕು. ಮ್ಯಾಚ್ ಮಾತ್ರ ಒಂದೂ ಗೆಲ್ಲೂದಿಲ್ಲ. ಈ ಸಲಾನೂ ಹಂಗ ಆದ್ರ, ಮುಂದಿನ ವರ್ಷ ಹಾಕಿ ಬಂದ್ ಮಾಡೂಣು.” ನಾನು ಹೂಂ ಎಂದು ಬಂದೆ. ಹುಡುಗಿಯರಿಗೆ ಹೇಳಲಿಲ್ಲ. ಮರುದಿನ ನಾನು ಬರುವ ಮೊದಲೇ ಎಲ್ಲರೂ ಮೈದಾನದ ಕಲ್ಲು ಆರಿಸುತ್ತಿದ್ದುದನ್ನು ನೋಡಿದಾಗ, ಸುದ್ದಿ ಅವರಿಗೆ ಮುಟ್ಟಿದೆ ಎಂದು ತಿಳಿಯಿತು.

ನಾನು ಪೆನಾಲ್ಟಿ ಕಾರ್ನರಿನ ಬೆನ್ನು ಹತ್ತಿದೆ. ಆಟದ ಆ ಒಂದು ಗಳಿಗೆಯಲ್ಲಿ ಮಾತ್ರ ಎಲ್ಲರೂ ಅವರವರ ಜಾಗದಲ್ಲಿ ನಿಂತಿರುತ್ತಾರೆ, ಚಿತ್ರಕ್ಕೆ ಸ್ವಲ್ಪ ಮರ್ಯಾದೆ ಇರುತ್ತದೆ. ಎದುರಾಳಿಯ ಗೋಲಿನ ಗೆರೆಯ ಮೇಲಿನಿಂದ ನಮ್ಮವಳೊಬ್ಬಳು ಚೆಂಡನ್ನು ಹೊರಕ್ಕೆ ತಳ್ಳುತ್ತಾಳೆ. ದೊಡ್ಡ ಅರ್ಧವೃತ್ತದ ಅಂಚಿನಲ್ಲಿ ಇನ್ನೊಬ್ಬಳು ಅದನ್ನು ತಡೆದು ನಿಲ್ಲಿಸುತ್ತಾಳೆ. ಮೂರನೆಯವಳು ಗೋಲಿಗೆ ಬಾರಿಸುತ್ತಾಳೆ. ನನ್ನ ಉಪಾಯವೆಂದರೆ, ಮೂರನೆಯವಳು ಬಾರಿಸುವಂತೆ ಸ್ಟಿಕ್ ಎತ್ತಿ ಓಡಿಬಂದು ಚೆಂಡನ್ನು ಮುಟ್ಟದೆ ದಾಟಿ ಹೋಗಬೇಕು. ಎದುರಿನವರೆಲ್ಲ ಅವಳನ್ನು ನೋಡುತ್ತಿರುವಾಗ, ಚೆಂಡು ಸದ್ದಿಲ್ಲದೆ ಮೊದಲಿನವಳಿಗೇ ಮರಳಬೇಕು. ಅವಳು ಅಷ್ಟರಲ್ಲಿ ಗೋಲಿನ ಮಗ್ಗುಲಿಗೆ ಬಂದಿರಬೇಕು.

ಇದನ್ನು ಅಳತೆಗೆ ಬಿಡಿಸಿ ನೋಡಲು ಜಾಗ ಸಾಲದೆ ಒಂದು ಮುಂಜಾನೆ ಅಂಗಳಕ್ಕೆ ಇಳಿದೆ. ರಂಗೋಲಿ ಹಿಟ್ಟಿನಿಂದ ಅರ್ಧವೃತ್ತ ಎಳೆದೆ. ಎದುರಾಳಿಗಳಿಗೆ ಕುಂಕುಮ, ನಮ್ಮವರಿಗೆ ಅರಿಸಿನ. ಚೆಂಡಿಗೆ ಏನೂ ಸಿಗದೆ ಒಂದು ನಿಂಬೆಹಣ್ಣು ಇಟ್ಟೆ. ಹಾಲು ತರುವ ಗಂಗವ್ವ ಗೇಟಿನವರೆಗೆ ಬಂದವಳು ನಿಂತಳು, ನೋಡಿದಳು, ತಂಬಿಗೆಯನ್ನು ಕಂಪೌಂಡಿನ ಮೇಲಿಟ್ಟು ಚಪ್ಪಲಿ ಕೈಯಲ್ಲಿ ಹಿಡಿದು ಬಂದ ದಾರಿಯಲ್ಲೇ ಓಡಿದಳು. ಅಲ್ಲಿಂದ ಹಾಲು ಬರುವುದು ನಿಂತಿತು. ಕೊನೆಗೆ ನಮ್ಮ ಅತ್ತೆ ಅವಳನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದು ಸಮಾಧಾನ ಹೇಳಿದರು: “ಅದು ಮಾಟ ಅಲ್ಲ ಗಂಗವ್ವ. ನಮ್ಮ ಸೊಸಿ ಸಾಲ್ಯಾಗ ಹುಡಿಗ್ಯಾರಿಗೆ ಹಾಕಿ ಆಡಸ್ತಾಳ.” ಗಂಗವ್ವನ ಮುಖ ಇನ್ನಷ್ಟು ಬಿಳಿಚಿತಂತೆ. “ಅಯ್ಯ ಶಿವನ! ಹುಡಿಗ್ಯಾರಿಗೆ ಏನ ಹಾಕಿ ಆಡಸ್ತಾಳವಾ?” ಎಂದಳಂತೆ.

ಈ ವರ್ಷದ ನಮ್ಮ ಪಂದ್ಯ ದಾಂಡೇಲಿಯಲ್ಲಿತ್ತು. ಎದುರಿಗೆ ಮುಂಡಗೋಡ ಕಡೆಯ ತಂಡ, ಸಾಲಾಗಿ ಕಪ್ ಗೆದ್ದವರು. ಅವರ ಕೋಚ್ ಹತ್ತಿರ ಅಯಸ್ಕಾಂತದ ಬಿಲ್ಲೆಗಳನ್ನು ಅಂಟಿಸುವ ಹಲಗೆ ಇತ್ತು. ಅದನ್ನು ನೋಡಿ ನನಗೆ ಬಂದ ಆಸೆ ಅಂಥಿಂಥದ್ದಲ್ಲ. ವಿರಾಮದ ಹೊತ್ತಿಗೆ ನಾವು ಒಂದು ಗೋಲು ಹಿಂದಿದ್ದೆವು. ನಾನು ಮಣ್ಣಿನಲ್ಲಿ ಮತ್ತೆ ಬಾಣ ಬಿಡಿಸಿದೆ. ನಮ್ಮ ಕ್ಯಾಪ್ಟನ್ ಲಕ್ಷ್ಮಿ ನೀರು ಕುಡಿಯುತ್ತಲೇ ನೋಡಿ, “ಗೊತ್ತೈತ್ರಿ ಅಕ್ಕೋರ, ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತೇವ್ರಿ” ಎಂದಳು.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಇರುವಾಗ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಜೋಯಿಡಾದಿಂದ ಬಂದು ಹಾಸ್ಟೆಲಿನಲ್ಲಿರುವ ಸಂಗೀತಾ ಚೆಂಡು ತಳ್ಳಿದಳು. ಲಕ್ಷ್ಮಿ ತಡೆದಳು, ಚೆಂಡು ಕಟ್ಟಿಹಾಕಿದಂತೆ ನಿಂತಿತು. ರೇಷ್ಮಾ ಸ್ಟಿಕ್ ಎತ್ತಿ ಎಂಥ ಆವೇಶದಿಂದ ಬಂದಳೆಂದರೆ, ಅವಳು ಬಾರಿಸುವುದಿಲ್ಲ ಎಂದು ಗೊತ್ತಿದ್ದ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಎದುರಿನವರು ಅವಳತ್ತ ನುಗ್ಗಿದರು. ಅವಳು ಗಾಳಿಯಂತೆ ದಾಟಿ ಹೋದಳು. ಲಕ್ಷ್ಮಿ ಮೆಲ್ಲಗೆ ತಳ್ಳಿದ ಚೆಂಡು ನಾನು ಎಳೆದ ಗೆರೆಯ ಮೇಲೆ, ಅದೇ ಗೆರೆಯ ಮೇಲೆ ಹೋಯಿತು. ಕೊನೆಯಲ್ಲಿ, ಬಾಣದ ತುದಿ ಇರಬೇಕಾದಲ್ಲಿ, ಸಂಗೀತಾ ಇದ್ದಳು. ಸ್ಟಿಕ್ ತಾಗಿಸಿದಳು. ಗೋಲು.

ಆ ಕ್ಷಣ ನನಗೆ ಏನಾಯಿತೆಂದು ಹೇಳಲು ಬರುವುದಿಲ್ಲ. ಗೋಲಾಯಿತೆಂಬ ಸಂತೋಷಕ್ಕಿಂತ ದೊಡ್ಡದೇನೋ ಎದೆಯಲ್ಲಿ ತುಂಬಿತು. ನಾನು ಹಿಟ್ಟಿನಲ್ಲಿ, ಮಣ್ಣಿನಲ್ಲಿ, ಉಪ್ಪಿನಕಾಯಿಯಲ್ಲಿ ಎಳೆದ ಗೆರೆಗಳೆಲ್ಲ ಬರೀ ಗೆರೆಗಳು. ಈ ಮಕ್ಕಳು ಅದರೊಳಗೆ ಕಾಲು, ಕಣ್ಣು, ಉಸಿರು ಹಾಕಿ ಅದನ್ನು ನನ್ನ ಕಣ್ಣೆದುರು ಎಬ್ಬಿಸಿ ನಿಲ್ಲಿಸಿದ್ದರು. ನಾನು ಕೈಮುಗಿದು ನಿಂತಿದ್ದೆನಂತೆ, ನನಗೆ ನೆನಪಿಲ್ಲ. ಲಕ್ಷ್ಮಿ ಓಡಿಬಂದು, “ಅಕ್ಕೋರ, ಮುಂದ ಏನ ಮಾಡೂಣ್ರಿ?” ಎಂದಳು. ನಾನು ಕಣ್ಣು ಒರೆಸಿಕೊಳ್ಳುತ್ತ, “ಇನ್ನೊಮ್ಮೆ ಮಾಡಿ ತೋರಿಸ್ರೆ” ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಇವರಿಂದ ಇನ್ನು ಉಪಯೋಗವಿಲ್ಲ ಎಂದು ತೀರ್ಮಾನಿಸಿದವಳಂತೆ ಮೈದಾನಕ್ಕೆ ತಿರುಗಿ, “ಬರ್ರೆ, ಬರ್ರೆ” ಎಂದು ಉಳಿದವರನ್ನು ತಾನೇ ಕೂಗಿ ನಿಲ್ಲಿಸಿದಳು.

ನನಗೆ ಆಗ ಒಂದೇ ಭಯ, ಈ ಗೋಲು ಮರೆತುಹೋದರೆ? ಮೈದಾನದ ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿ ಹಿಡಿದು, ನಡೆದದ್ದನ್ನು ನಡೆದ ಹಾಗೆ ಮಣ್ಣಿನಲ್ಲಿ ಬಿಡಿಸತೊಡಗಿದೆ. ಲಕ್ಷ್ಮಿಯ ಎಡಗಾಲು ಮುಂದಿತ್ತೋ ಬಲಗಾಲೋ ಎಂದು ಯೋಚಿಸುತ್ತಿದ್ದೆ. ಇದ್ದಕ್ಕಿದ್ದಂತೆ ದೊಡ್ಡ ಬೊಬ್ಬೆ ಎದ್ದಿತು. ತಲೆ ಎತ್ತಿದರೆ ನನ್ನ ಹುಡುಗಿಯರು ಎದುರಾಳಿಯ ಗೋಲಿನ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದರು. ಹಿಂದೆಯೇ ಕೊನೆಯ ಸೀಟಿ ಕೇಳಿಸಿತು. “ಏನಾತು?” ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ. “ಗೆದ್ರಲ್ರೀ ನೀವು!” ಎಂದರು.

ಊರಿಗೆ ಮರಳುವ ಟೆಂಪೋದಲ್ಲಿ ನಾನು ಸುತ್ತಿ ಬಳಸಿ ಕೇಳಿದೆ, ಎರಡನೆಯ ಗೋಲು ಹೇಗಾಯಿತೆಂದು ಒಬ್ಬೊಬ್ಬರಾಗಿ ಹೇಳಿ ಎಂದೆ. ಅದನ್ನೂ ಪಾಠವೆಂದೇ ತಿಳಿದು ಅವರು ಹೇಳಿದರು. ಒಬ್ಬೊಬ್ಬರದು ಒಂದೊಂದು ಥರ. ರೇಷ್ಮಾ, “ನಾ ಕಣ್ಣ ಮುಚ್ಚಿ ಹೊಡದ್ನಿರಿ” ಎಂದಳು. ಅವಳಿಗೆ ಚೆಂಡು ಕೊಟ್ಟದ್ದು ಸಂಗೀತಾ, ಸಂಗೀತಾಗೆ ಕೊಟ್ಟದ್ದು ಅವಳ ಮುಂದೆ ಓಡುತ್ತಿದ್ದ ಲಕ್ಷ್ಮಿ ಎಂದು ಉಳಿದವರ ಮಾತಿನಿಂದ ತಿಳಿಯಿತು. “ಸಂಗೀತಾ ನಿನ್ನ ಹಿಂದ ಇದ್ಳಲ್ಲ, ನೋಡಲಾರದ ಹೆಂಗ ಕೊಟ್ಟಿ?” ಎಂದೆ. ಲಕ್ಷ್ಮಿ ನಕ್ಕಳು: “ಓಡುವಾಗ ಅಕಿ ಮೂಗಿಲೆ ಸುಂಯ್ ಸುಂಯ್ ಅಂತಾಳ್ರಿ. ಸಪ್ಪಳ ಯಾ ಕಡಿ ಬಂತೋ ಆ ಕಡಿ ಕೊಟ್ನಿರಿ.” ಅದನ್ನು ಯಾವ ಬಾಣದಲ್ಲಿ ಬಿಡಿಸಲಿ?

ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ತರರು ಹುಡುಗಿಯರಿಗೆಲ್ಲ ಚಪ್ಪಾಳೆ ಹೊಡೆಸಿ, ಹಾಕಿ ಮುಂದುವರಿಯುತ್ತದೆ ಎಂದು ಸಾರಿ, ನನ್ನನ್ನು ಮುಂದಕ್ಕೆ ಕರೆದರು. “ಅಕ್ಕೋರ, ಆ ಎರಡನೇ ಗೋಲಂತೂ ಭಾರೀ ಇತ್ತಂತ. ಅದನ್ನ ಹೆಂಗ ಪ್ಲಾನ್ ಮಾಡಿದ್ರಿ? ಮಕ್ಕಳಿಗೆ ಸ್ವಲ್ಪ ಹೇಳ್ರಿ” ಎಂದು ಮೈಕು ಕೊಟ್ಟರು. ಸಾಲಿನಲ್ಲಿ ನಿಂತಿದ್ದ ಲಕ್ಷ್ಮಿ ತುಟಿ ಕಚ್ಚಿ ಮುಗಿಲು ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, “ಅದರಲ್ಲಿ ನಾನು ತಲೆಯನ್ನೇ ಎತ್ತಲಿಲ್ಲ ಸರ್, ಎಲ್ಲ ಮಕ್ಕಳಿಗೇ ಬಿಟ್ಟಿದ್ದೆ” ಎಂದೆ. ಎಂಥ ವಿನಯ ನೋಡಿರಿ ಎಂದು ಹೆಡ್‌ಮಾಸ್ತರರು ಮತ್ತೊಮ್ಮೆ ಚಪ್ಪಾಳೆ ಹೊಡೆಸಿದರು.